ಸ್ಪೀಕರ್ ಎಂಬ ಗಮಕಿ

ಸೀರೆ ಕೊಳ್ಳುವಾಗ ನಮ್ಮನ್ನು ಅಷ್ಟು ಸುಲಭವಾಗಿ ಯಾರೂ ಯಾಮಾರಿಸಲಾರರು. ಅಂಗಡಿಯ ದೀಪದ ಕೆಳಗೆ ಎಷ್ಟೇ ಥಳಥಳಿಸಲಿ, ಬಾಗಿಲ ಬಳಿಗೆ ಒಯ್ದು ಹಗಲ ಬೆಳಕಿನಲ್ಲಿ ಬಣ್ಣ ನೋಡುತ್ತೇವೆ; ಸೆರಗು ತಿರುವಿ ಹಿಂಬದಿಯ ಎಳೆ ನೋಡುತ್ತೇವೆ. ಕಣ್ಣು, ಬೆರಳುಗಳ ಮಾತಿರಲಿ, ನಮ್ಮ ಕಿವಿಯೂ ಸಾಮಾನ್ಯದ್ದಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೀರೆಷ್ಟಿದೆ ಎಂದು ತಿಳಿಯುತ್ತೇವೆ. ಮಣ್ಣಿನ ಮಡಕೆಯನ್ನು ಬೆರಳಿನಿಂದ ತಟ್ಟಿ, ಕಣ್ಣಿಗೆ ಕಾಣದ ಬಿರುಕನ್ನು ಕೇಳಿಸಿಕೊಳ್ಳುತ್ತೇವೆ. ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯಿತೆಂದು ಪಕ್ಕದ ಕೋಣೆಯಿಂದಲೇ ಗೊತ್ತಾಗುತ್ತದೆ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನನ್ನಂಥವಳಿಗೆ, ಬೋರ್ಡಿನ ಕಡೆ ತಿರುಗಿ ಬರೆಯುತ್ತಿರುವಾಗಲೂ, ಕೊನೆಯ ಬೆಂಚಿನಲ್ಲಿ ಪಿಸುಗುಟ್ಟಿದವಳು ಯಾರೆಂದು ತಿಳಿಯುತ್ತದೆ.

ಇಷ್ಟೆಲ್ಲ ಬಲ್ಲ ಕಿವಿ, ಸ್ಟೀರಿಯೊ ಸ್ಪೀಕರ್ ಮಾರುವ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೆ ತನ್ನ ಮೇಲೆ ತಾನೇ ನಂಬಿಕೆ ಕಳೆದುಕೊಳ್ಳುವುದೇಕೆ? "ಅದೆಲ್ಲ ನಮಗೆ ತಿಳಿಯೋಲ್ಲಪ್ಪ, ಅವರೇ ನೋಡಿ ತರಲಿ" ಎಂದು ನಾವೇ ಹಿಂದೆ ಸರಿಯುತ್ತೇವೆ. ತಂದ ಮೇಲೆ ಅದನ್ನು ದಿನವಿಡೀ ಕೇಳಬೇಕಾದವರು ಮಾತ್ರ ನಾವು. ಕಾದಂಬರಿಯನ್ನು ವಿಮರ್ಶೆ ಮಾಡಬಹುದು, ನಾಟಕವನ್ನು ವಿಮರ್ಶೆ ಮಾಡಬಹುದು ಎಂದಾದರೆ, ನಮ್ಮ ನಡುಮನೆಯಲ್ಲಿ ಕುಳಿತು ಬೆಳಗಿನಿಂದ ರಾತ್ರಿಯವರೆಗೆ ಮಾತಾಡುವ, ಹಾಡುವ ಈ ಎರಡು ಪೆಟ್ಟಿಗೆಗಳನ್ನೂ ವಿಮರ್ಶೆ ಮಾಡಬಾರದೇಕೆ? ಆ ಕೆಲಸವನ್ನೇ ನಾನಿಲ್ಲಿ ಮಾಡಹೊರಟಿದ್ದೇನೆ. ನನ್ನ ಅರ್ಹತೆ ಕೇಳಿದರೆ ಬಿ.ಎ., ಬಿ.ಎಡ್., ಮತ್ತು ಎರಡು ಕಿವಿ.

ನಾವಿರುವುದು ಬಿಟಿಎಂ ಲೇಔಟಿನ ಎರಡನೆಯ ಹಂತದಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಚಂದದ ಹೆಸರುಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿದ ಬಡಾವಣೆ ಇದು. ಮೂವತ್ತು–ನಲವತ್ತರ ನಿವೇಶನದ ಮನೆ. ನಡುಮನೆ ಹನ್ನೊಂದು ಅಡಿಗೆ ಹದಿನಾಲ್ಕು ಅಡಿ. ಮನೆಯಲ್ಲಿ ನಮ್ಮ ಮನೆಯವರು, ಕೆಲಸಕ್ಕೆ ಹೋಗುವ ಮಗ, ಎಂಬತ್ನಾಲ್ಕು ವರ್ಷದ ನಮ್ಮತ್ತೆ. ಅತ್ತೆಯವರಿಗೆ ಗ್ಲಾಕೋಮಾದಿಂದ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಒಂದು ಕಾಲಕ್ಕೆ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆ ಮೂರು ಕಾದಂಬರಿ ತರಿಸಿ ಓದುತ್ತಿದ್ದವರು ಅವರು. ಈಗ ಕೇಳುವುದೇ ಅವರ ಓದು. ಹಳೆಯ ಮ್ಯೂಸಿಕ್ ಸಿಸ್ಟಮ್ಮು ರಿಪೇರಿಗೂ ಒಗ್ಗದ ಸ್ಥಿತಿಗೆ ಬಂದಾಗ ಹೊಸದು ಕೊಳ್ಳುವುದು ಅನಿವಾರ್ಯವಾಯಿತು. ನನಗೆ ಬಂದಿದ್ದ ತುಟ್ಟಿಭತ್ಯೆಯ ಬಾಕಿಗೆ ಸ್ವಲ್ಪ ಸೇರಿಸಿ ನಲವತ್ತು ಸಾವಿರ ರೂಪಾಯಿ ಎತ್ತಿಟ್ಟೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ. ಈ ವ್ಯಾಪಾರದಲ್ಲಿ ನಲವತ್ತು ಸಾವಿರವೆಂದರೆ ದೊಡ್ಡ ಹಾಸಿಗೆಯೂ ಅಲ್ಲ, ತೀರ ಚಾಪೆಯೂ ಅಲ್ಲ.

ಮೊದಲು ಕೈಗೆ ಸಿಗುವುದು ಕಂಪನಿಗಳ ಬಣ್ಣಬಣ್ಣದ ಕೈಪಿಡಿ. ಅದನ್ನೊಂದು ಸಾಹಿತ್ಯಕೃತಿಯೆಂದು ಓದಿದರೆ, ಅದರ ಪ್ರಧಾನ ಅಲಂಕಾರ ಅತಿಶಯೋಕ್ತಿ ಎಂದು ಯಾವ ವಿದ್ಯಾರ್ಥಿನಿಯಾದರೂ ಹೇಳಿಬಿಡುತ್ತಾಳೆ. 1990ರ ದಶಕದ ಟೂ-ಇನ್-ಒನ್‌ಗಳ ಮೇಲೆ ದೊಡ್ಡಕ್ಷರದಲ್ಲಿ ಇರುತ್ತಿದ್ದ "1000 ವಾಟ್ ಪಿಎಂಪಿಒ" ನೆನಪಿದೆಯೇ? ಒಂದು ಸಾವಿರ ವಾಟ್ ಎಂದರೆ ನಮ್ಮ ಇಸ್ತ್ರಿಪೆಟ್ಟಿಗೆ ಕಾಯುವಷ್ಟು ವಿದ್ಯುತ್ತು. ನಾಲ್ಕು ಬ್ಯಾಟರಿ ಹಾಕಿದ ಪೆಟ್ಟಿಗೆಗೆ ಅದೆಲ್ಲಿಂದ ಬರಬೇಕು? ಕ್ಷಣಾರ್ಧದ ಗರಿಷ್ಠವನ್ನು ಕಂಪನಿಯವರೇ ತಮಗೆ ಬೇಕಾದಂತೆ ಲೆಕ್ಕ ಹಾಕಿ ಬರೆದುಕೊಳ್ಳುತ್ತಿದ್ದ ಅಂಕಿ ಅದು. ನೋಡಬೇಕಾದ್ದು ಆರ್‌ಎಂಎಸ್ ಎಂದು ಬರೆದ, ಒಂದೇ ಸಮನೆ ಕೊಡಬಲ್ಲ ವಾಟ್‌ಗಳನ್ನು. ಅದೂ ಅಷ್ಟೊಂದು ಬೇಕಿಲ್ಲ. ನಮ್ಮಂಥ ನಡುಮನೆಯಲ್ಲಿ ಮಾಮೂಲಾಗಿ ಹಾಡು ಕೇಳುವಾಗ ಖರ್ಚಾಗುವುದು ಒಂದು ವಾಟ್ ಆಸುಪಾಸು ಮಾತ್ರ.

ಅದಕ್ಕಿಂತ ಉಪಯುಕ್ತವಾದ ಅಂಕಿಯನ್ನು ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. 86 ಡೆಸಿಬಲ್ಲಿನ ಸ್ಪೀಕರಿಗೂ 89 ಡೆಸಿಬಲ್ಲಿನ ಸ್ಪೀಕರಿಗೂ ಮೂರೇ ಅಂಕಿಯ ವ್ಯತ್ಯಾಸ ಎಂದುಕೊಳ್ಳಬೇಡಿ. ಮೊದಲನೆಯದು ಎರಡನೆಯದರ ಸಮಕ್ಕೆ ಬರಬೇಕಾದರೆ ಆಂಪ್ಲಿಫೈಯರ್ ಎರಡರಷ್ಟು ವಾಟ್ ಕೊಡಬೇಕು. ಆಂಪ್ಲಿಫೈಯರ್ ಚಿಕ್ಕದಾಗಿದ್ದರೆ ಈ ಅಂಕಿಯನ್ನು ಕೇಳಿಯೇ ಮುಂದುವರಿಯಬೇಕು. ಇನ್ನು ದಪ್ಪ ತಂತಿಯ ವಿಷಯ. ನಾಲ್ಕು ಸಾವಿರ ರೂಪಾಯಿಯ ತಂತಿ ಹಾಕಿದರೆ ಸ್ವರ ಮಧುರವಾಗುತ್ತದೆ ಎಂದು ಒಬ್ಬರು ನನಗೆ ಬೋಧಿಸಿದರು. ಹತ್ತಡಿ ದೂರಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಸಾಧಾರಣ ತಾಮ್ರದ ತಂತಿ ಧಾರಾಳವಾಗಿ ಸಾಕು. ಉಳಿದ ಹಣಕ್ಕೆ ಒಂದು ಜಮಖಾನ ಬರುತ್ತದೆ. ಅದು ಸ್ವರಕ್ಕೆ ಮಾಡುವ ಉಪಕಾರ ಹೆಚ್ಚು. ಆ ಮಾತಿಗೆ ಆಮೇಲೆ ಬರುತ್ತೇನೆ.

ಎಸ್.ಪಿ. ರಸ್ತೆಗೂ ಹೋಗಿ ನೋಡಿದೆವು. ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟಿನಲ್ಲಿ ಓಡತೊಡಗಿದ ಮೇಲೆ ನಮಗೆ ಪೇಟೆ ಹತ್ತಿರವಾಗಿದೆ. ಬಿಟಿಎಂ ಲೇಔಟ್ ನಿಲ್ದಾಣದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ. ಹೋದ ಅಂಗಡಿಗಳ ಹೆಸರು ಇಲ್ಲಿ ಬೇಡ. ಎಲ್ಲ ಕಡೆಯೂ ನಡೆದದ್ದು ಒಂದೇ ರೀತಿ. ಪ್ರಶ್ನೆ ಕೇಳುತ್ತಿದ್ದವಳು ನಾನು; ಉತ್ತರ ಹೋಗುತ್ತಿದ್ದದ್ದು ನಮ್ಮ ಮನೆಯವರಿಗೆ. "ನೋಡಿ ಸಾರ್, ಬೇಸ್ ಹೇಗಿದೆ!" ಎಂದು ಹುಡುಗ ಸದ್ದು ಏರಿಸುತ್ತಿದ್ದ. ಯಾವುದೋ ಸಿನಿಮಾದ ಕುಣಿತದ ಹಾಡು. ಗಾಜಿನ ಬಾಗಿಲು ನಡುಗುತ್ತಿತ್ತು. "ಇದರಲ್ಲಿ ಬರೀ ಮಾತು ಹಾಕಿ, ವಾರ್ತೆ ಇದ್ದರೆ ವಾರ್ತೆ ಹಾಕಿ" ಎಂದೆ. ಹುಡುಗ ನನ್ನನ್ನೂ, ಆಮೇಲೆ ಇವರನ್ನೂ ನೋಡಿದ. "ಮೇಡಂ, ವಾರ್ತೆ ಕೇಳೋಕೆ ಇಷ್ಟು ದುಡ್ಡು ಯಾಕೆ ಹಾಕ್ತೀರಾ?" ಎಂದ.

ಅವನ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಸಾವಧಾನವಾಗಿ ಕೊಡಬೇಕು.

ಮನುಷ್ಯರು ಸದ್ದನ್ನು ದೊಡ್ಡದು ಮಾಡುವುದಕ್ಕೆ ಪಟ್ಟ ಪಾಡು ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಾಗಿ ಹಾಡಿದಾಗ ಮೈಕೇ ಇರಲಿಲ್ಲ. ತುತ್ತೂರಿಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಿತ್ತು. ಆ ಸದ್ದಿನ ಬಲದಿಂದಲೇ ಸೂಜಿ ಅಲುಗಿ ಗೆರೆ ಮೂಡಬೇಕಿತ್ತು. ಹಾಡು ಮುಗಿದ ಕೂಡಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ. ಆ ಗೌಹರ್ ಜಾನ್ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ಆಸ್ಥಾನ ವಿದುಷಿಯಾಗಿ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಅಂದರೆ ನಮ್ಮ ದೇಶದಲ್ಲಿ ಯಂತ್ರದೊಳಗಿಂದ ಬಂದು ಮನೆಮನೆಯ ಮಾತಾದ ಮೊಟ್ಟಮೊದಲ ದನಿಗಳಲ್ಲಿ ಹೆಂಗಸಿನ ದನಿಯಿದೆ. ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿಕೊಂಡ ದನಿ.

ನಮ್ಮ ಟಿ. ಚೌಡಯ್ಯನವರ ಕತೆಯೂ ಇದಕ್ಕೆ ಸೇರಿದ್ದೇ. ಅವರು ತಿರುಮಕೂಡಲು ನರಸೀಪುರದ ಕಡೆಯವರು. ಧ್ವನಿವರ್ಧಕ ಬಳಕೆಗೆ ಬಾರದಿದ್ದ ದಿನಗಳಲ್ಲಿ ಕಛೇರಿಯ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುವುದಿಲ್ಲ ಎಂಬ ದೂರಿಗೆ ಅವರು ಕಂಡುಕೊಂಡ ಪರಿಹಾರ ಏಳು ತಂತಿಯ ಪಿಟೀಲು. ಹೆಚ್ಚಿನ ತಂತಿಗಳಿಂದ ನಾದ ತುಂಬಿಕೊಂಡಿತು. ಆದರೆ ಒಂದು ತಂತಿಯ ಜಾಗದಲ್ಲಿ ಎರಡನ್ನು ಒಟ್ಟಿಗೆ ಒತ್ತಿ, ಶ್ರುತಿ ಕೆಡದಂತೆ ನುಡಿಸುವ ಕಷ್ಟ ಅವರದಾಯಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಸಿದ್ಧವಾಯಿತು. ಅದನ್ನು ನೋಡಿದಾಗಲೆಲ್ಲ ನನಗೆ ಆ ಕಷ್ಟ ನೆನಪಾಗುತ್ತದೆ. ಸದ್ದು ದೊಡ್ಡದಾಗಬೇಕು, ಶ್ರುತಿಯೂ ಶುದ್ಧವಾಗಿರಬೇಕು. ಮೊದಲನೆಯದಷ್ಟೇ ಸಾಕು ಎಂದು ಚೌಡಯ್ಯನವರು ಸುಮ್ಮನಾಗಲಿಲ್ಲ. ಅಂಗಡಿಯ ಹುಡುಗನ "ಬೇಸ್ ನೋಡಿ ಸಾರ್" ಎಂಬ ಮಾತು ಅಲ್ಲಿಗೇ ಸುಮ್ಮನಾಗಿಬಿಡುತ್ತದೆ.

ಬೆಳ್ಳಗಿನ ಪರದೆಯಂತೆ, ಮೈಕಿಗೆ ಬಿದ್ದದ್ದನ್ನಷ್ಟೇ ಹೇಳುವ ಸ್ಪೀಕರ್ ಬೇಕೆಂದು ಹಟ ಹಿಡಿದು ಕೂತವರು ಇಂಗ್ಲೆಂಡಿನ ಬಿಬಿಸಿ ರೇಡಿಯೊದ ಇಂಜಿನಿಯರುಗಳು. ಹೊರಗಿನ ಪ್ರಸಾರಕ್ಕೆಂದು ವ್ಯಾನಿನಲ್ಲಿ ಇಟ್ಟುಕೊಳ್ಳಲು ಅವರು 1970ರ ದಶಕದಲ್ಲಿ ರೂಪಿಸಿದ 'ಎಲ್‌ಎಸ್ 3/5ಎ' ಎಂಬ ಸ್ಪೀಕರ್ ಬರೀ ಹನ್ನೆರಡು ಅಂಗುಲ ಎತ್ತರ, ಏಳೂವರೆ ಅಂಗುಲ ಅಗಲ. ಇವತ್ತಿಗೂ ಬಲ್ಲವರು ಅದರ ಹೆಸರೆತ್ತಿದರೆ ದನಿ ತಗ್ಗಿಸಿ ಮಾತಾಡುತ್ತಾರೆ. ಅವರು ಸ್ಪೀಕರನ್ನು ಒರೆಗೆ ಹಚ್ಚುತ್ತಿದ್ದದ್ದು ವಾದ್ಯಗಳಿಂದ ಮಾತ್ರವಲ್ಲ, ಮನುಷ್ಯರ ಮಾತಿನಿಂದ. ಕಾರಣ ಸರಳ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ನಾವು ಕೇಳಿ ಪಳಗಿರುವುದು ಮಾತನ್ನೇ. ಗಿಟಾರಿನಲ್ಲಿ ಸಣ್ಣ ತಪ್ಪಾದರೆ ನಮಗೆ ತಿಳಿಯದಿರಬಹುದು. ಮಾತಿನಲ್ಲಿ ಆದರೆ ತಕ್ಷಣ ತಿಳಿಯುತ್ತದೆ. ಫೋನಿನಲ್ಲಿ ಅಕ್ಕ "ಹಲೋ" ಎಂದರೆ ಸಾಕು, ನೆಗಡಿಯಾಗಿದೆಯೆಂದು ಹೇಳಿಬಿಡುತ್ತೇವಲ್ಲ, ಹಾಗೆ.

ಈ ಇಂಜಿನಿಯರುಗಳ ಪೈಕಿ ಇಬ್ಬರು ಸ್ವಂತ ಕಂಪನಿ ತೆರೆದರು. ಸ್ಪೆನ್ಸರ್ ಹ್ಯೂಸ್ ತನ್ನ ಹೆಸರಿನ ತುಂಡಿಗೆ ಹೆಂಡತಿ ಡೊರೊತಿಯ ಹೆಸರಿನ ತುಂಡು ಸೇರಿಸಿ 'ಸ್ಪೆಂಡಾರ್' ಎಂದಿಟ್ಟ. ಡಡ್ಲಿ ಹಾರ್‌ವುಡ್ 1977ರಲ್ಲಿ ಪತ್ನಿ ಎಲಿಜಬೆತ್‌ಳ ಹೆಸರಿನ ಕೊನೆಯನ್ನು ತನ್ನ ಹೆಸರಿಗೆ ಜೋಡಿಸಿ 'ಹಾರ್ಬೆತ್' ಎಂದಿಟ್ಟ. ಎರಡೂ ಕಂಪನಿಗಳು ಇಂದಿಗೂ ಇವೆ, ಎರಡರ ಬೆಲೆಯೂ ನಮ್ಮ ಹಾಸಿಗೆಯ ಆಚೆಗಿದೆ. ಆದರೆ ಮುಂದಿನ ಸಲ ಯಾವನಾದರೂ ಮಾರಾಟಗಾರ ನಿಮ್ಮ ಪ್ರಶ್ನೆಗೆ ನಿಮ್ಮ ಯಜಮಾನರ ಮುಖ ನೋಡಿ ಉತ್ತರ ಹೇಳಿದರೆ, ಡೊರೊತಿ, ಎಲಿಜಬೆತ್ ಇಬ್ಬರನ್ನೂ ಮನಸ್ಸಿನಲ್ಲಿ ನೆನೆಯಿರಿ.

ಆದರೆ ಒಳ್ಳೆಯ ಸ್ಪೀಕರ್ ಎಂದರೇನು ಎಂಬುದಕ್ಕೆ ನನಗೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ, ಮತ್ತೂರುಗಳತ್ತ ನೋಡಿದರೆ ಸಾಕು. ಗಮಕ ಕಲೆ ಅಲ್ಲಿ ಇಂದಿಗೂ ಮನೆಮನೆಯಲ್ಲಿ ಉಳಿದಿದೆ, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಕುಮಾರವ್ಯಾಸನ ಭಾಮಿನಿಯನ್ನು ಗಮಕಿ ವಾಚನ ಮಾಡುವಾಗ ರಾಗವೂ ಇರುತ್ತದೆ, ಆದರೆ ಆ ರಾಗ ಪದದ ಆಳು. ಎಲ್ಲಿ ಪದ ಬಿಡಿಸಬೇಕೋ ಅಲ್ಲಿ ಬಿಡಿಸಿ, ಒಂದು ಅಕ್ಷರವೂ ಮಸುಕಾಗದಂತೆ, ಕವಿಯನ್ನು ಕೇಳುಗರ ಎದುರು ತಂದು ಕೂರಿಸಿ ತಾನು ಪಕ್ಕಕ್ಕೆ ಸರಿಯುವವನು ಒಳ್ಳೆಯ ಗಮಕಿ. ಅರ್ಥ ಹೇಳಲು ಪಕ್ಕದಲ್ಲಿ ವ್ಯಾಖ್ಯಾನಕಾರರು ಬೇರೆಯೇ ಕೂತಿರುತ್ತಾರೆ. ಸ್ಪೀಕರಿನ ಕೆಲಸ ಗಮಕಿಯದು. ಬಹುಪಾಲು ಸ್ಪೀಕರುಗಳ ದೋಷವೆಂದರೆ, ಯಾರೂ ಕೇಳದಿದ್ದರೂ ಅವು ವ್ಯಾಖ್ಯಾನಕ್ಕೆ ಇಳಿಯುತ್ತವೆ. ಗಂಗೂಬಾಯಿ ಹಾನಗಲ್ಲರ ದನಿ ಮೊದಲೇ ಗಂಭೀರ. ಅದಕ್ಕೆ ಇನ್ನಷ್ಟು ಗುಂಯ್‌ಗುಟ್ಟುವಿಕೆಯನ್ನು ಕೈಯಿಂದ ಹಾಕಿ, ಹಾಡುತ್ತಿರುವವರು ಗುಹೆಯಲ್ಲಿದ್ದಾರೆ ಎನ್ನಿಸಿಬಿಡುತ್ತವೆ.

ಇದರ ಒಳಗುಟ್ಟು ಶಾಲೆಯ ಉಕ್ತಲೇಖನದಲ್ಲಿದೆ. ಮಾತಿನ ಬಲವೆಲ್ಲ ಸ್ವರಗಳಲ್ಲಿ, ಅಂದರೆ ಆ, ಓ, ಊ ಎಂಬ ತುಂಬಿದ ಸದ್ದುಗಳಲ್ಲಿ ಇರುತ್ತದೆ. ಅವು ಹೆಚ್ಚಾಗಿ ಸೆಕೆಂಡಿಗೆ ಸಾವಿರ ಕಂಪನದ ಕೆಳಗಿನವು. ಮಾತಿನ ಅರ್ಥವನ್ನು ಹೊರುವುದು ವ್ಯಂಜನಗಳು. ಅವುಗಳ ಗುರುತುಗಳು ಬಹುಮಟ್ಟಿಗೆ ಎರಡು ಸಾವಿರ ಕಂಪನದಿಂದ ಮೇಲಕ್ಕೆ, 'ಸ'ಕಾರದಂಥವು ನಾಲ್ಕರಿಂದ ಎಂಟು ಸಾವಿರದವರೆಗೆ ಇರುತ್ತವೆ. ಬಲವೂ ತೀರ ಕಡಿಮೆ. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಸದ್ದುಗಳನ್ನೇ. "ಕೇಳಿಸುತ್ತೆ ಕಣೇ, ತಿಳಿಯೋದಿಲ್ಲ" ಎಂದು ಹಿರಿಯರು ಹೇಳುವುದು ಇದಕ್ಕೇ. ಆಗ ನಾವು ಮಾಡುವುದೇನು? ಸದ್ದು ಏರಿಸುತ್ತೇವೆ. ಕೇಳಿಸುತ್ತಿದ್ದ ಸ್ವರಗಳು ಕಿರುಚುತ್ತವೆ, ಕೇಳಿಸದಿದ್ದ ವ್ಯಂಜನಗಳು ಹಾಗೆಯೇ ಉಳಿಯುತ್ತವೆ. ತಗ್ಗಿನ ಸದ್ದು ಜೋರಾದರೆ ಮೇಲಿನ ಸದ್ದನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಆದ್ದರಿಂದ ಬೇಸ್ ಹೆಚ್ಚಿದಷ್ಟೂ ಮಾತು ಮಾಯ. ಎಂಬತ್ನಾಲ್ಕರ ಕಿವಿಗೆ ಅಂಥ ಸ್ಪೀಕರ್ ತಂದುಕೊಡುವುದೆಂದರೆ, ಪೊರೆ ಬಂದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಂತೆ.

ಹಾಗಾಗಿ ನಾನೊಂದು ಪ್ರಶ್ನೆಪತ್ರಿಕೆ ತಯಾರಿಸಿದೆ. ಐದನೆಯ ತರಗತಿಯವರಿಗೆ ಕೊಡುವ ಜೋಡಿಪದಗಳೇ. ಹಾಲು–ಆಲು, ಕಾರ–ಖಾರ, ಮನೆ–ಮಣೆ, ಹಲ್ಲಿ–ಹಳ್ಳಿ, ಸಾಲು–ಶಾಲು, ಕಲೆ–ಕಳೆ. ಇವನ್ನು ಹಿಂದುಮುಂದಾಗಿ, ಒಂದೇ ಏರಿಳಿತದಲ್ಲಿ ಓದಿ ಮಗನ ಮೊಬೈಲಿನಲ್ಲಿ ತುಂಬಿಸಿದೆ. ಅದರ ಜೊತೆಗೆ ಒಂದು ಗಮಕ ವಾಚನ, ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಭಾವಗೀತೆಗಳು, ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟು ಬಂದಾಗಿನಿಂದ ಕನ್ನಡ ಕವಿತೆಯನ್ನು ಓದಿದವರಿಗಿಂತ ಸ್ಪೀಕರಿನಲ್ಲಿ ಕೇಳಿದವರು ಹೆಚ್ಚಿರಬಹುದು. ಆದ್ದರಿಂದ ಕವಿಯ ಪದವನ್ನು ಮಸುಕು ಮಾಡುವ ಸ್ಪೀಕರ್ ಪುಸ್ತಕದ ಅಚ್ಚುದೋಷಕ್ಕಿಂತ ದೊಡ್ಡ ದೋಷ ಮಾಡುತ್ತದೆ. ಗಾಯಕರು ಬೇಕಾದಷ್ಟಿದ್ದರೂ ನನ್ನ ಅಂಕಪಟ್ಟಿಯಲ್ಲಿ ತಂಬೂರಿಗೆ ವಿಶೇಷ ಸ್ಥಾನ. ಕುದುರೆಯ ಮೇಲೆ ತಂತಿಯ ಅಡಿಗೆ ಇಟ್ಟ ನೂಲಿನ ಎಳೆಯಿಂದ ಹುಟ್ಟುವ ಆ ಝೇಂಕಾರ ಕಳಪೆ ಸ್ಪೀಕರಿನಲ್ಲಿ ಬರೀ ಗೊಂಯ್ ಎನ್ನುತ್ತದೆ. ಒಳ್ಳೆಯದರಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆಗೆ ಕೂತ ಅಭ್ಯರ್ಥಿಗಳು ಮೂವರು. ಮೊದಲನೆಯದು ಇವರಿಗೆ ಮೆಚ್ಚಿಗೆಯಾಗಿದ್ದ, ನೆಲದ ಮೇಲೆ ನಿಲ್ಲುವ ಆಳೆತ್ತರದ ಜೋಡಿ. ಎರಡನೆಯದು ಮಗನ ಆಯ್ಕೆ: ಟೀವಿಯ ಕೆಳಗೆ ಇಡುವ ಉದ್ದನೆಯ ಸೌಂಡ್‌ಬಾರ್, ಜೊತೆಗೆ ಗುಡುಗುವುದಕ್ಕೆಂದೇ ಒಂದು ಪ್ರತ್ಯೇಕ ಸಬ್‌ವೂಫರ್. ಮೂರನೆಯದು ಕಪಾಟಿನಲ್ಲಿ ಇಡುವಂಥ ಒಂದೂಕಾಲು ಅಡಿ ಎತ್ತರದ ಸಣ್ಣ ಜೋಡಿ. ಐದೂವರೆ ಅಂಗುಲದ ವೂಫರ್, ಒಂದಂಗುಲದ ಟ್ವೀಟರ್. ಅದಕ್ಕೆ ಸಣ್ಣದೊಂದು ಆಂಪ್ಲಿಫೈಯರ್ ಬೇರೆಯಾಗಿ ಕೊಳ್ಳಬೇಕು. ಎರಡೂ ಸೇರಿ ಲೆಕ್ಕ ಮೂವತ್ತೆಂಟು ಸಾವಿರಕ್ಕೆ ಬರುತ್ತಿತ್ತು. ಮೊದಲ ಜೋಡಿಯೂ ನಮ್ಮ ಹಣಕ್ಕೆ ಬರುತ್ತಿತ್ತು. ಆದರೆ ಅದೇ ಬೆಲೆಗೆ ಮೂರರಷ್ಟು ದೊಡ್ಡ ಪೆಟ್ಟಿಗೆ, ಎರಡರಷ್ಟು ವೂಫರ್ ಕೊಡುತ್ತಾರೆಂದರೆ ಒಳಗಿನ ಸಾಮಾನಿನಲ್ಲಿ ಎಲ್ಲೋ ಕೈ ಹಿಡಿದಿರುತ್ತಾರೆ ಎಂಬುದು ಸಂಸಾರ ತೂಗಿಸಿದವರಿಗೆ ಬೇರೆ ಹೇಳಬೇಕೆ?

ಅಂಗಡಿಯವರೊಬ್ಬರು ಮುಂಗಡ ಇಟ್ಟುಕೊಂಡು ಎರಡು ದಿನ ಮನೆಗೆ ಕೊಡಲು ಒಪ್ಪಿದ್ದು ನಮ್ಮ ಪುಣ್ಯ. ನೀವೂ ಕೇಳಿ ನೋಡಿ. ಒಪ್ಪದಿದ್ದರೆ, ಒಪ್ಪುವ ಅಂಗಡಿ ಹುಡುಕಿ. ಏಕೆಂದರೆ ಅಂಗಡಿಯ ಕೋಣೆಯೇ ಬೇರೆ, ನಮ್ಮ ಕೋಣೆಯೇ ಬೇರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಸ್ಪೀಕರಿನ ವಿಷಯದಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು! ಬೆಂಗಳೂರಿನ ನಮ್ಮ ಮನೆಗಳ ಟೈಲ್ಸಿನ ನೆಲ, ಕಾಂಕ್ರೀಟಿನ ಛಾವಣಿ, ಬೋಳುಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುತ್ತದೆ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಮೂಲೆಗೆ ಒತ್ತಿ ಇಟ್ಟರಂತೂ ಬೇಸ್ ದುಪ್ಪಟ್ಟು ಗುಡುಗುತ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ನೆಲಕ್ಕೆ ದಪ್ಪ ಜಮಖಾನ ಹಾಸಿದೆವು. ಕಿಟಕಿಗೆ ತೆಳು ಪರದೆ ತೆಗೆದು ದಪ್ಪ ಹತ್ತಿಯದು ಹಾಕಿದೆವು. ಎದುರು ಗೋಡೆಗೆ ಅತ್ತೆಯವರ ಹಳೆಯ ಪುಸ್ತಕದ ಕಪಾಟು ಸರಿಸಿದೆವು. ಎತ್ತರ ತಗ್ಗಾಗಿ ಜೋಡಿಸಿದ ಪುಸ್ತಕಗಳು ಸದ್ದನ್ನು ಚದುರಿಸುತ್ತವೆ. ಹಿಂಬದಿಯಲ್ಲಿ ಗಾಳಿ ಹೋಗುವ ತೂತಿರುವ ಪೆಟ್ಟಿಗೆಯಾದ್ದರಿಂದ ಗೋಡೆಯಿಂದ ಒಂದಡಿ ಮುಂದಿಟ್ಟೆವು. ಎರಡು ಪೆಟ್ಟಿಗೆಗಳು, ಅತ್ತೆಯವರ ಬೆತ್ತದ ಕುರ್ಚಿ ಮೂರೂ ಸೇರಿ ಸಮಭುಜ ತ್ರಿಕೋನ. ಬಡಗಿಯಿಂದ ಮಾಡಿಸಿದ ಸ್ಟೂಲುಗಳ ಎತ್ತರವನ್ನು, ಟ್ವೀಟರ್ ಅವರ ಕಿವಿಯ ಮಟ್ಟಕ್ಕೆ ಬರುವ ಹಾಗೆ, ಟೇಪಿನಿಂದ ಅಳೆದು ಹೇಳಿದ್ದೆವು. ಮೇಲಿನ ಸದ್ದುಗಳು ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಸಾಗುವಂಥವು. ಮೊಣಕಾಲಿಗೆ ಬಿದ್ದರೆ ಕಿವಿಗೆ ಪ್ರಯೋಜನವಿಲ್ಲ. ಇಷ್ಟಕ್ಕೆಲ್ಲ ಆದ ಖರ್ಚು ಆ ನಾಲ್ಕು ಸಾವಿರದ ತಂತಿಗಿಂತ ಕಡಿಮೆ.

ಇನ್ನು ಫಲಿತಾಂಶ. ದೊಡ್ಡ ಜೋಡಿಯಲ್ಲಿ ಮೃದಂಗದ ಎಡಭಾಗ ಮೊದಲು ಸೊಗಸೆನಿಸಿತು, ನಾನೂ ತಲೆದೂಗಿದೆ. ಆದರೆ ಗಾಯಕರು ಮಂದ್ರಕ್ಕೆ ಇಳಿದಾಗ ಅವರ ದನಿಯೂ ಮೃದಂಗವೇ ಆಗಿಬಿಡುತ್ತಿತ್ತು. ಉಕ್ತಲೇಖನದಲ್ಲಿ ಹಾಲು–ಆಲು, ಹಲ್ಲಿ–ಹಳ್ಳಿ ಎರಡೂ ಜೋಡಿ ತಪ್ಪಿದವು. "ಬಾವಿಯೊಳಗೆ ನಿಂತು ಓದ್ತಿದ್ದಾರೇನೆ?" ಎಂದರು ಅತ್ತೆ. ಸೌಂಡ್‌ಬಾರ್ ಮಾತನ್ನು ಚೆನ್ನಾಗಿಯೇ ಹೇಳಿತು, ಸುಳ್ಳು ಹೇಳಬಾರದು. ವಾರ್ತೆಗೆ, ಕ್ರಿಕೆಟ್ಟಿಗೆ ಅದು ಸಾಕು. ಆದರೆ ಹಾಡಿಗೆ ಬಂದಾಗ ಗಾಯಕಿ, ಪಿಟೀಲು, ತಂಬೂರಿ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿಕೊಂಡು ನಿಂತಂತಿತ್ತು. ಸಬ್‌ವೂಫರ್ ಕೆಲಸ ಮುಗಿದ ಮೇಲೂ ಗುನುಗುತ್ತಿತ್ತು.

ಮೂರನೆಯ ಸಣ್ಣ ಜೋಡಿಗೆ ಗಮಕ ಹಾಕಿದಾಗ ಅತ್ತೆಯವರು ಸ್ಪೀಕರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತು ಕೇಳಿ, ವ್ಯಾಖ್ಯಾನ ಮಾಡುತ್ತಿದ್ದವರ ಮೇಲೆ ಸಿಡುಕಿದರು. "ಅಲ್ಲ, ಆ ಮಾತಿಗೆ ಹಾಗಲ್ಲ ಅರ್ಥ. ದ್ರೌಪದಿ ಕೇಳಿದ್ದು ಧರ್ಮದ ಪ್ರಶ್ನೆ. ಇವರು ಅಳು ಅಂತಾರಲ್ಲ!" ಎಂದರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ಒಬ್ಬರ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದೆ. ಮಾತು ಪೂರ್ತಿ ತಿಳಿಯದವರು ತಲೆಯಾಡಿಸುತ್ತಾರೆ, ಜಗಳ ಮಾಡುವುದಿಲ್ಲ. ಜಗಳಕ್ಕೆ ಪ್ರತಿ ಅಕ್ಷರವೂ ಬೇಕು. ಆ ಪೆಟ್ಟಿಗೆಗೆ ನಾನು ಅಲ್ಲಿಯೇ ಪೂರ್ಣಾಂಕ ಕೊಟ್ಟೆ. ಮನ್ಸೂರರು ಒಂದು ತಾನಿಗೂ ಇನ್ನೊಂದಕ್ಕೂ ನಡುವೆ ಗಬಕ್ಕನೆ ಉಸಿರು ಎಳೆದುಕೊಂಡದ್ದು ಕೇಳಿಸಿದ್ದು ಮೇಲಿನ ಲಾಭ.

ಅದರ ಕೊರತೆಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. ಡೊಳ್ಳುಕುಣಿತದ ಧ್ವನಿಮುದ್ರಿಕೆ ಹಾಕಿದರೆ ಎದೆಗೆ ಬಂದು ಗುದ್ದುವ ಆ ಪೆಟ್ಟು ಇದರಲ್ಲಿ ಇಲ್ಲ; ಡೊಳ್ಳು ಪಕ್ಕದ ಬೀದಿಯಲ್ಲಿ ಹೋಗುತ್ತಿರುವ ಹಾಗೆ ಕೇಳುತ್ತದೆ. ಐದೂವರೆ ಅಂಗುಲದ ವೂಫರ್ ನೂಕಬಲ್ಲ ಗಾಳಿ ಅಷ್ಟೇ. ಹಳೆಯ ಧ್ವನಿಮುದ್ರಣಗಳ ಕರಕರ ಸದ್ದನ್ನೂ ಅದು ಮುಚ್ಚಿಡದೆ ಹೇಳುತ್ತದೆ. ಕೆಲವರಿಗೆ ಅದು ಹಿಂಸೆ. ಮಗನಿಗೆ ಒಳಗೊಳಗೆ ನಿರಾಸೆ. ಅವನ ಸಿನಿಮಾ ಹಾಡಿಗೆ ಮುಂದೆ ಎಂದಾದರೂ ಸಬ್‌ವೂಫರ್ ಸೇರಿಸಬಹುದು. ಅದಕ್ಕೆ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಜಾಗವಿದೆ. ಬೇಸ್ ನನ್ನ ವೈರಿಯಲ್ಲ. ಇಂಗಿನಂತೆ ಅದು ಬೇಕು, ಇಂಗಿನಷ್ಟೇ ಬೇಕು. ಕೊರತೆಯಿರುವ ಬೇಸನ್ನು ಮುಂದೆ ಸೇರಿಸಿಕೊಳ್ಳಬಹುದು, ಮಸುಕಾದ ಅಕ್ಷರವನ್ನು ಯಾವ ಪೆಟ್ಟಿಗೆ ಸೇರಿಸಿದರೂ ಮರಳಿ ಪಡೆಯಲಾಗದು. ಮಧ್ಯಮ ಬೆಲೆಯಲ್ಲಿ ಎಲ್ಲವೂ ಸಿಗುವುದಿಲ್ಲ. ಯಾವುದನ್ನು ಬಿಡಬೇಕೆಂದು ನಿರ್ಧರಿಸುವುದೇ ಇಲ್ಲಿನ ಜಾಣತನ.

ಸ್ಪೀಕರಿನ ಕಂಪನಿಯ ಹೆಸರು ನಾನು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ನನ್ನ ಕೋಣೆ ನಿಮ್ಮ ಕೋಣೆಯಲ್ಲ, ನಮ್ಮತ್ತೆಯವರ ಕಿವಿ ನಿಮ್ಮತ್ತೆಯವರ ಕಿವಿಯಲ್ಲ. ಮಾದರಿಗಳು ವರ್ಷ ವರ್ಷ ಬದಲಾಗುತ್ತವೆ. ಹಾಲು–ಆಲುಗಳ ವ್ಯತ್ಯಾಸ ಬದಲಾಗುವುದಿಲ್ಲ. ಆದ್ದರಿಂದ ಹೆಸರಿನ ಬದಲು ಪ್ರಶ್ನೆಪತ್ರಿಕೆ ಕೊಟ್ಟಿದ್ದೇನೆ. ಅದನ್ನು ತೆಗೆದುಕೊಂಡು ಹೋಗಿ. ಸದ್ದು ತಗ್ಗಿಸಿ ಕೇಳಿ. ಎಲ್ಲ ಸ್ಪೀಕರುಗಳೂ ಜೋರು ಸದ್ದಿನಲ್ಲಿ ಜಾಣರೇ. ನಿಮಗೆ ಬಾಯಿಪಾಠವಿರುವ ಹಾಡನ್ನೇ ಹಾಕಿಸಿ. ಉತ್ತರ ಬೇರೆಯವರ ಮುಖ ನೋಡಿ ಬಂದರೆ, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳುವವರು ಯಾರೋ ಅವರನ್ನು ಜೊತೆಗೆ ಕರೆದೊಯ್ಯಿರಿ. ಅವರು ಬರಲಾಗದ ಸ್ಥಿತಿಯಲ್ಲಿದ್ದರೆ, ಹಣ ಕೊಡುವ ಮೊದಲು ಪೆಟ್ಟಿಗೆಯನ್ನೇ ಅವರ ಕುರ್ಚಿಯ ಮುಂದಕ್ಕೆ ತರಿಸಿ.